ಹಾಲೆಂಡಿನ ಹದಿನಾರು ಉಪಗ್ರಹ, ಭದ್ರಾವತಿಯ ಒಂದು ಜೇಬು

ಮೊನ್ನೆ ಪರಿಚಯದವರೊಬ್ಬರು ಹಾಲೆಂಡಿಗೆ ಹೋಗಿ ಬಂದು ಟುಲಿಪ್ ಹೂವಿನ ನಲವತ್ತು ಫೋಟೊ ಹಾಕಿದ್ದರು. ಕೆಳಗೆ ‘ಭೂಮಿ ಮೇಲಿನ ಸ್ವರ್ಗ’ ಅಂತ ಬರೆದಿದ್ದರು. ನಾನೂ ಆ ಸ್ವರ್ಗದಲ್ಲಿ ಒಂದು ವಾರ ಇದ್ದು ಬಂದವಳೇ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಹೂವು ನೋಡಲಿಲ್ಲ. ಗಾಳಿಯಂತ್ರವನ್ನು ರೈಲಿನ ಕಿಟಕಿಯಿಂದ ನೋಡಿದೆ, ಅದು ನಿಂತಿತ್ತು. ವಾರವಿಡೀ ನೋಡಿದ್ದು ಒಂದು ಕೋಣೆ, ಹನ್ನೆರಡು ಕಂಪ್ಯೂಟರು ಮತ್ತು ಮುಚ್ಚಿಟ್ಟ ಒಂದು ಬಿಸ್ಕತ್ ಡಬ್ಬಿ. ಫೋಟೊ ಒಂದೂ ಇಲ್ಲ. ಬರೆಯುವುದಷ್ಟೇ ಉಳಿದಿರುವುದು.

ಹೊರಡುವ ಮೊದಲು: ಸವಳಂಗ ರಸ್ತೆ

ಆಗ ನಾನು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಪಾಠ ಸಂಬಳಕ್ಕೆ. ಹುಚ್ಚು ಬೇರೆ ಇತ್ತು: ಸೂರ್ಯನನ್ನು ರೇಡಿಯೊದಲ್ಲಿ ಕೇಳುವುದು. ಸೂರ್ಯ ಬರೀ ಬೆಳಕು ಕೊಡುವುದಿಲ್ಲ, ರೇಡಿಯೊ ಅಲೆಗಳನ್ನೂ ಬಿಡುತ್ತಾನೆ. ಅಲ್ಲಿ ಏನಾದರೂ ಸಿಡಿದಾಗ ಶಾರ್ಟ್‌ವೇವ್ ರಿಸೀವರಿನಲ್ಲಿ ಅದು ಸಮುದ್ರದ ಅಲೆ ದಡಕ್ಕೆ ಬಂದು ಬಡಿದ ಹಾಗೆ ಕೇಳಿಸುತ್ತದೆ. ಸವಳಂಗ ರಸ್ತೆಯ ನಮ್ಮ ತಾರಸಿ ಮೇಲೆ ಕೇಳಿಸುತ್ತಿದ್ದದ್ದು ಪಕ್ಕದ ಮನೆಯ ಮಿಕ್ಸಿ, ಎದುರು ಮನೆಯ ಟ್ಯೂಬ್‌ಲೈಟ್ ಚೋಕು, ಕೆಳಗಿನ ವೆಲ್ಡಿಂಗ್ ಅಂಗಡಿ. ಆರು ತಿಂಗಳು ವೆಲ್ಡಿಂಗನ್ನೇ ಸೂರ್ಯ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದು ಗೊತ್ತಾದ ಮೇಲೆ ನಾಚಿಕೆಯಾಗಿ ಹೊಳಲೂರಿಗೆ ಹೋಗಿ, ಪರಿಚಯದವರ ಗದ್ದೆ ಬದುವಿನ ಮೇಲೆ ತಂತಿ ಕಟ್ಟಿದೆ. ಅಲ್ಲಿ ಸೂರ್ಯ ಸಿಕ್ಕ.

ಆ ರಿಸೀವರಿನ ಸುರುಳಿಗಳನ್ನೆಲ್ಲ ಸುತ್ತಿದವರು ಭದ್ರಾವತಿ ನ್ಯೂ ಟೌನಿನ ಷಣ್ಮುಗಣ್ಣ. ಅಲ್ಲಿನ ಉಕ್ಕಿನ ಕಾರ್ಖಾನೆಯ ಮೋಟಾರ್ ವೈಂಡಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಇದ್ದು, ಸ್ವಯಂ ನಿವೃತ್ತಿ ತಗೊಂಡು ಮನೆಯ ಮುಂದಿನ ಶೆಡ್ಡಿನಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುತ್ತಿದ್ದರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಇಂಗ್ಲಿಷ್ ಸೊನ್ನೆ. ಅವರ ಕೈಯ ಸುರುಳಿ ಯಂತ್ರ ಸುತ್ತಿದ್ದಕ್ಕಿಂತ ಒಪ್ಪವಾಗಿರುತ್ತಿತ್ತು. ಹೇಗೆ ಅಂತ ಕೇಳಿದರೆ, ತಂತಿ ತಾನಾಗಿ ಮಲಗಬೇಕು, ನಾವು ಮಲಗಿಸಬಾರದು ಅನ್ನುತ್ತಿದ್ದರು. ಅದನ್ನು ನಾನು ಎರಡು ಬ್ಯಾಚಿನ ಮಕ್ಕಳಿಗೆ ನನ್ನದೇ ಮಾತು ಅಂತ ಹೇಳಿ ಹೆಸರು ತಗೊಂಡಿದ್ದೇನೆ.

ನಮ್ಮ ರಿಸೀವರಿನ ಬಗ್ಗೆ ನಾನು ಬರೆದ ಸಣ್ಣ ಲೇಖನವೊಂದು ಎಲ್ಲೋ ಅಚ್ಚಾಯಿತು. ಅದನ್ನು ಓದಿದ ಹಾಲೆಂಡಿನ ಪ್ರೊಫೆಸರ್ ಒಬ್ಬರು ಈಮೇಲ್ ಮಾಡಿದರು. ಹೆಸರು ಯೋಹಾನ್ ಅಂತಿಟ್ಟುಕೊಳ್ಳಿ. ಅವರು ಹದಿನಾರು ಪುಟ್ಟ ಉಪಗ್ರಹಗಳ ಒಂದು ಹಿಂಡನ್ನು ವಿನ್ಯಾಸ ಮಾಡುತ್ತಿದ್ದರು. ಸೂರ್ಯನ ತೀರಾ ಕೆಳಗಿನ ಕಂಪನದ, ಅಂದರೆ ಬಹಳ ಉದ್ದದ, ರೇಡಿಯೊ ಅಲೆಗಳು ನೆಲಕ್ಕೆ ತಲುಪುವುದೇ ಇಲ್ಲ. ವಾತಾವರಣದ ಮೇಲಿನ ಒಂದು ಪದರ ಅವನ್ನು ಪಾತ್ರೆಯ ಮುಚ್ಚಳದ ಹಾಗೆ ತಡೆದು ವಾಪಸ್ ಕಳಿಸುತ್ತದೆ. ಕೇಳಬೇಕಾದರೆ ಮುಚ್ಚಳದ ಆಚೆ ಹೋಗಬೇಕು. ಅಷ್ಟು ಉದ್ದದ ಅಲೆಯಲ್ಲಿ ಸೂರ್ಯನ ಚಿತ್ರ ತೆಗೆಯಲು ಎಷ್ಟೋ ಕಿಲೋಮೀಟರ್ ಅಗಲದ ಕಿವಿ ಬೇಕು. ಅದನ್ನು ಯಾರೂ ಮೇಲಕ್ಕೆ ಹೊತ್ತುಕೊಂಡು ಹೋಗಲಾರರು. ಅದಕ್ಕೇ ಹದಿನಾರು ಸಣ್ಣ ಪೆಟ್ಟಿಗೆ. ದೂರ ದೂರ ತೇಲುತ್ತಾ ಒಟ್ಟಿಗೆ ಕೇಳುವುದು, ಕೇಳಿದ್ದನ್ನೆಲ್ಲ ನೆಲದಲ್ಲಿ ಸೇರಿಸಿ ಒಂದೇ ದೊಡ್ಡ ಕಿವಿ ಮಾಡಿಕೊಳ್ಳುವುದು. ಸೂರ್ಯ ಬೆಂಕಿ ಉಗುಳಿದರೆ ಅದು ನಮ್ಮ ಕಡೆ ಬರುತ್ತಿದೆಯೋ ಬೇರೆ ಕಡೆಯೋ ಅಂತ ಮೊದಲೇ ಗೊತ್ತಾಗುತ್ತದೆ.

ರಿಸೀವರ್ ತಗೊಂಡು ಬನ್ನಿ, ಪರೀಕ್ಷೆಯಲ್ಲಿ ಗೆದ್ದರೆ ಹದಿನಾರು ಉಪಗ್ರಹದಲ್ಲೂ ಅದೇ ಹೋಗುತ್ತದೆ ಅಂದರು. ಸುರುಳಿ ಸುತ್ತಿದವರನ್ನೂ ಕರೆತನ್ನಿ ಅಂದರು. ನನಗೆ ಸೂರ್ಯನಿಗಿಂತ ಕಾಲೇಜಿನ ಸ್ಟಾಫ್ ರೂಮ್ ಮುಖ್ಯವಾಗಿತ್ತು. ಅಲ್ಲಿ ನನ್ನ ಹೆಸರು ‘ರೇಡಿಯೊ ರಿಪೇರಿ ಮೇಡಂ’. ಗೆದ್ದು ಬಂದು ಆ ಬಾಯಿಗಳನ್ನೆಲ್ಲ ಮುಚ್ಚಿಸಬೇಕಿತ್ತು.

ಸೋಮವಾರ: ಯೋಹಾನರ ಹುಟ್ಟುಹಬ್ಬ

ವಿಮಾನ ನಿಲ್ದಾಣದಲ್ಲಿ ನನ್ನ ಕೊರಳಿನ ಬೆಳ್ಳಿ ಕರಡಿಗೆಗೆ ತಪಾಸಣೆಯ ಯಂತ್ರ ಕಿರುಚಿತು. ಒಳಗೇನಿದೆ ಅಂತ ಅಧಿಕಾರಿ ಕೇಳಿದ. ಲಿಂಗ, ದೇವರು ಅಂದೆ. ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡು ಬಿಟ್ಟ. ಷಣ್ಮುಗಣ್ಣನ ಚೀಲದಲ್ಲಿ ನಾಲ್ಕು ಉಂಡೆ ತಾಮ್ರದ ತಂತಿ, ಬೆಸುಗೆ ಕಡ್ಡಿ, ಇಕ್ಕಳ ಎಲ್ಲ ಇತ್ತು. ಅವನ್ನು ತೆಗೆದು ನೋಡಿ ಏನೂ ಹೇಳಲಿಲ್ಲ. ಪುಳಿಯೋಗರೆ ಗೊಜ್ಜಿನ ಬಾಟಲಿಯನ್ನು ಮಾತ್ರ ನಾಲ್ಕು ಜನ ಸೇರಿ ಮೂಸಿದರು.

ಯೋಹಾನರ ವಿನ್ಯಾಸದ ಕೋಣೆಗೆ ಹೋದ ತಕ್ಷಣ ಎಲ್ಲರೂ ಎದ್ದು ಬಂದು ನಮ್ಮ ಕೈ ಕುಲುಕಿ ಅಭಿನಂದನೆ ಅಂದರು. ಪರೀಕ್ಷೆಗೆ ಮೊದಲೇ ಗೆದ್ದೆವಾ ಅಂತ ನನಗೆ ಪುಳಕ. ಆಮೇಲೆ ಗೊತ್ತಾಯಿತು, ಅವತ್ತು ಯೋಹಾನರ ಹುಟ್ಟುಹಬ್ಬ. ಆ ದೇಶದಲ್ಲಿ ಒಬ್ಬ ಹುಟ್ಟಿದ್ದಕ್ಕೆ ಊರಿಗೆಲ್ಲ ಅಭಿನಂದನೆ. ಕೇಕನ್ನು ಹುಟ್ಟಿದವನೇ ದುಡ್ಡು ಕೊಟ್ಟು ತರಬೇಕು. ಎಲ್ಲರೂ ಗೋಡೆಗೆ ಕುರ್ಚಿ ಹಾಕಿ ತಿಥಿಮನೆಯಲ್ಲಿ ಕೂತ ಹಾಗೆ ಸುತ್ತ ಕೂತು ಕೇಕು ತಿಂದರು.

“ಯಾಕೆ ಮೇಡಂ ನಂಗೆ ಕೈ ಕೊಟ್ರು?” ಅಂತ ಷಣ್ಮುಗಣ್ಣ ಕೇಳಿದರು.

“ಅವರು ಹುಟ್ಟಿದ್ದಕ್ಕೆ.”

“ಅದ್ರಲ್ಲಿ ನಂದೇನಿದೆ?”

ಕಾಫಿಗೆ ಒಂದು ಬಿಸ್ಕತ್ತು. ಒಂದೇ. ಡಬ್ಬಿ ನಿಮ್ಮ ಮುಂದೆ ಬರುತ್ತದೆ, ನೀವು ಒಂದು ತೆಗೆಯುತ್ತೀರಿ, ಮುಚ್ಚಳ ಟಪ್ ಅಂತ ಮುಚ್ಚುತ್ತದೆ. ನಮ್ಮಲ್ಲಿ ಸಾಲ ಕೇಳಲು ಬಂದವನ ಮುಂದೆಯೂ ತಟ್ಟೆಯಲ್ಲಿ ನಾಲ್ಕು ಇಡುತ್ತೇವೆ. ಮಧ್ಯಾಹ್ನ ತಣ್ಣಗಿನ ಬ್ರೆಡ್ಡು, ಅದರ ಮೇಲೆ ಚಾಕಲೇಟಿನ ಕಾಳು, ಜೊತೆಗೆ ಒಂದು ಲೋಟ ಮಜ್ಜಿಗೆ. ಮಜ್ಜಿಗೆ ಅಂದಾಗ ಕಣ್ಣಲ್ಲಿ ನೀರು ಬಂತು. ಕುಡಿದ ಮೇಲೂ ಬಂತು. ಉಪ್ಪಿಲ್ಲ, ಶುಂಠಿಯಿಲ್ಲ, ಕರಿಬೇವಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳು ಅದನ್ನು ಔಷಧಿಯ ಹಾಗೆ ಕುಡಿದು ಮೀಸೆ ಒರೆಸಿಕೊಂಡರು.

ಮಂಗಳವಾರ: ಪಾರ್ಕಿಂಗ್ ಹಾಳೆ

ವಿನ್ಯಾಸದ ಕೋಣೆಯಲ್ಲಿ ಹನ್ನೆರಡು ಜನ, ಹನ್ನೆರಡು ಕಂಪ್ಯೂಟರು. ಒಬ್ಬರಿಗೆ ಆಂಟೆನಾ, ಒಬ್ಬರಿಗೆ ಬ್ಯಾಟರಿ, ಒಬ್ಬರಿಗೆ ಕಕ್ಷೆ, ಒಬ್ಬರಿಗೆ ತೂಕ. ಎಲ್ಲರಿಗೂ ಸೇರಿ ಒಂದೇ ದೊಡ್ಡ ಕೋಷ್ಟಕ, ಅದರಲ್ಲಿ ತಂತಮ್ಮ ಕಾಲಮ್ಮಿನಲ್ಲಿ ತಾವು ಅಂಕಿ ತುಂಬುವುದು. ಇನ್ನೊಬ್ಬರ ಕಾಲಮ್ಮಿನ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಶುಕ್ರವಾರ ಐದು ಗಂಟೆಗೆ ಹನ್ನೆರಡು ಕಾಲಮ್ಮಿಗೂ ಸಹಿ ಬಿದ್ದರೆ ವಿನ್ಯಾಸ ಮುಗಿಯಿತು, ಆಮೇಲೆ ಬದಲಾವಣೆ ಇಲ್ಲ.

ಹದಿನಾರು ಉಪಗ್ರಹಗಳು ಹೇಗೆ ಹರಡಿಕೊಂಡಿರಬೇಕು ಅಂತ ತೋರಿಸಲು ಯೋಹಾನ್ ತಟ್ಟೆಯ ಮೇಲೆ ಚೀಸ್ ತುಂಡುಗಳನ್ನು ಹಲ್ಲುಕಡ್ಡಿಗೆ ಚುಚ್ಚಿ ನಿಲ್ಲಿಸಿದರು. ಒಂದೇ ಸಮ ಅಂತರದಲ್ಲಿಟ್ಟರೆ ಚಿತ್ರದಲ್ಲಿ ಸುಳ್ಳು ಸೂರ್ಯಗಳು ಮೂಡುತ್ತವೆ, ಅಡ್ಡಾದಿಡ್ಡಿಯಾಗಿಯೇ ಇರಬೇಕು, ಯಾರು ಎಲ್ಲಿದ್ದಾರೆ ಅನ್ನುವುದು ಗೊತ್ತಿದ್ದರೆ ಸಾಕು ಅಂತ ಮುಕ್ಕಾಲು ಗಂಟೆ ವಿವರಿಸಿದರು. ತಿರುಗಿ ನೋಡುವಷ್ಟರಲ್ಲಿ ಎರಡು ಉಪಗ್ರಹ ಷಣ್ಮುಗಣ್ಣನ ಬಾಯಲ್ಲಿದ್ದವು. ಯೋಹಾನ್ ನಗಲಿಲ್ಲ. ಎರಡು ಹೋದರೂ ಚಿತ್ರ ಬರುತ್ತದೆ ಅಂತ ಗಂಭೀರವಾಗಿ ಬರೆದುಕೊಂಡರು.

ಅವತ್ತು ನಮ್ಮ ಎದುರಾಳಿ ಪೀಟರನ ರಿಸೀವರಿನ ಪರೀಕ್ಷೆ. ಅದೇ ಊರಿನವನು, ಒಳ್ಳೆಯ ಮನುಷ್ಯ, ಸೈಕಲ್ ಪ್ಯಾಂಟಿನಲ್ಲೇ ಮೀಟಿಂಗಿಗೆ ಬರುತ್ತಿದ್ದ. ಅವನ ರಿಸೀವರನ್ನು ಮಾದರಿ ಉಪಗ್ರಹದೊಳಗೆ ಕೂರಿಸಿ, ರಿಸೀವರಿಗೆ ಮಾತ್ರ ಹೊರಗಿಂದ ವೈರ್ ಎಳೆದು ಕರೆಂಟು ಕೊಟ್ಟು, ಸೂರ್ಯನ ಸದ್ದಿನ ರೆಕಾರ್ಡನ್ನು ಸಣ್ಣಗೆ ಕೇಳಿಸಿದರು. ಪರದೆಯ ಮೇಲೆ ಸೂರ್ಯನ ಗೆರೆಯ ಜೊತೆಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಸಾಲಾಗಿ ಎದ್ದವು. ಎಲ್ಲರೂ ಪೀಟರನನ್ನು ನೋಡಿದರು. ಪಾಪ, ಅವನ ಕಿವಿ ಕೆಂಪಾಯಿತು.

ಆ ಹಲ್ಲುಗಳು ನನಗೆ ಗುರುತಿದ್ದವು. ಅವು ಪೀಟರನ ತಪ್ಪಲ್ಲ. ಮಾದರಿಯೊಳಗೆ ಉಪಗ್ರಹದ ಪವರ್ ಪೆಟ್ಟಿಗೆ ಓಡುತ್ತಿತ್ತು. ಅದು ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಬೇರೆ ಬೇರೆ ವೋಲ್ಟಿಗೆ ಬದಲಾಯಿಸುತ್ತದೆ. ಕತ್ತರಿಸಿದಾಗಲೆಲ್ಲ ಗಲಾಟೆ. ನಮ್ಮ ಪಕ್ಕದ ಮನೆ ಮಿಕ್ಸಿಯನ್ನೇ ಉಪಗ್ರಹದೊಳಗೆ ಇಟ್ಟ ಹಾಗೆ. ನಾನು ಕೈ ಎತ್ತಿ, ಈ ಸದ್ದು ಪವರ್ ಪೆಟ್ಟಿಗೆಯದಲ್ಲವಾ ಅಂತ ಕೇಳಿದೆ. ಯೋಹಾನ್ ಬಹಳ ಮರ್ಯಾದೆಯಿಂದ ಒಂದು ಹಳದಿ ಚೀಟಿಯಲ್ಲಿ ನನ್ನ ಪ್ರಶ್ನೆ ಬರೆದು, ಗೋಡೆಯ ಮೇಲಿದ್ದ ‘ಪಾರ್ಕಿಂಗ್’ ಅನ್ನುವ ಹಾಳೆಗೆ ಅಂಟಿಸಿದರು. ಯಾರ ಕಾಲಮ್ಮಿಗೂ ಸೇರದ ಪ್ರಶ್ನೆಗಳು ಅಲ್ಲಿಗೆ ಹೋಗುತ್ತವಂತೆ. ಅಲ್ಲಿ ಆಗಲೇ ಮೂವತ್ತು ಚೀಟಿ ಇದ್ದವು. ಕೆಲವು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು. ನಮ್ಮ ಸರ್ಕಾರಿ ಕಚೇರಿಯಲ್ಲಿ ಅರ್ಜಿಯನ್ನು ಕಡತದ ಅಡಿಗೆ ತಳ್ಳುತ್ತಾರೆ, ಇಲ್ಲಿ ಗೋಡೆಗೆ ಅಂಟಿಸಿ ಥ್ಯಾಂಕ್ಸ್ ಹೇಳುತ್ತಾರೆ. ಅಷ್ಟೇ ಮುಂದುವರಿದಿದ್ದಾರೆ.

ಬುಧವಾರ: ಚಪ್ಪಾಳೆ

ನಮ್ಮ ಪರೀಕ್ಷೆ ಮಧ್ಯಾಹ್ನ ಒಂದಕ್ಕೆ. ಬೆಳಿಗ್ಗೆ ಪವರ್ ಪೆಟ್ಟಿಗೆಯ ಯಜಮಾನಿ ಮರೀಕೆ ಅನ್ನುವ ಹೆಂಗಸು ಅದನ್ನು ಆನ್ ಮಾಡಿ, ಪಟ್ಟಿಯಲ್ಲಿ ಟಿಕ್ ಹಾಕಿ, ಹನ್ನೆರಡಕ್ಕೆ ಮನೆಗೆ ಹೋದಳು. ಬುಧವಾರ ಅಲ್ಲಿ ಮಕ್ಕಳಿಗೆ ಅರ್ಧ ದಿನ ಸ್ಕೂಲು. ಅಮ್ಮಂದಿರಿಗೂ ಅರ್ಧ ದಿನ ಆಫೀಸು. ಉಪಗ್ರಹ ಹಾರಲಿ ಬಿಡಲಿ, ಮರೀಕೆ ಸೈಕಲ್ ಹತ್ತಿದಳು.

ಅವಳು ಹೋದ ಐದು ನಿಮಿಷಕ್ಕೆ ನಮ್ಮ ರಿಸೀವರಿನ ಒಂದು ವೈರ್ ಬಿಟ್ಟುಕೊಂಡಿತು. ಷಣ್ಮುಗಣ್ಣ ಬೆಸುಗೆ ಕಡ್ಡಿ ಕಾಯಿಸಿದರು. ಬೆಸುಗೆ ಹಾಕುವ ಮೊದಲು, ಭದ್ರಾವತಿಯಲ್ಲಿ ಮೂವತ್ತು ವರ್ಷ ಮಾಡಿದ್ದನ್ನೇ ಇಲ್ಲೂ ಮಾಡಿದರು. ಅವರ ವಿಭಾಗದಲ್ಲಿ ಒಂದು ಪದ್ಧತಿ. ಯಂತ್ರಕ್ಕೆ ಕೈ ಹಾಕುವವನು ಅದರ ಫ್ಯೂಸ್ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳಬೇಕು. ಬೋರ್ಡು ಬರೆದು ತೂಗುಹಾಕಿದರೆ ಓದದೆ ಸ್ವಿಚ್ ಹಾಕುವವರಿದ್ದಾರೆ, ಜೇಬಿನೊಳಗಿನ ಫ್ಯೂಸನ್ನು ಯಾರೂ ಹಾಕಲಾರರು. ಕೆಲಸ ಮುಗಿದ ಮೇಲೆ ಕಿತ್ತವನೇ ಹಾಕಬೇಕು. ಅವರ ಹತ್ತು ಬೆರಳೂ ನೆಟ್ಟಗಿರುವುದು ಆ ಪದ್ಧತಿಯಿಂದ.

ಬೆಸುಗೆ ಆರುವಷ್ಟರಲ್ಲಿ ಯೋಹಾನ್ ಬಂದು ಊಟ ಅಂದರು. ಆ ದೇಶದಲ್ಲಿ ಊಟದ ಹೊತ್ತಿಗೆ ಯಾರೂ ಕೆಲಸ ಮಾಡಬಾರದು, ಮಾಡಿದರೆ ಅಪರಾಧ ಮಾಡಿದವರನ್ನು ನೋಡಿದ ಹಾಗೆ ನೋಡುತ್ತಾರೆ. ಷಣ್ಮುಗಣ್ಣನ ತೋಳು ಹಿಡಿದು ಎಬ್ಬಿಸಿ ಮಜ್ಜಿಗೆಯ ಕಡೆಗೆ ಕರೆದುಕೊಂಡು ಹೋದರು.

ಒಂದು ಗಂಟೆಗೆ ಪರೀಕ್ಷೆ. ಪರದೆಯ ಮೇಲೆ ಸೂರ್ಯನ ಗೆರೆ ಒಂದೇ, ಶುದ್ಧವಾಗಿ, ಹೊಳಲೂರಿನ ಗದ್ದೆಯಲ್ಲಿ ಬಂದಷ್ಟೇ ಚೆನ್ನಾಗಿ ಬಂತು. ಬಾಚಣಿಗೆಯ ಒಂದು ಹಲ್ಲೂ ಇಲ್ಲ. ಪಟ್ಟಿಯಲ್ಲಿ ಪವರ್ ಪೆಟ್ಟಿಗೆ ಆನ್ ಅಂತ ಟಿಕ್ ಇತ್ತು, ಅದು ನಿಜಕ್ಕೂ ಓಡುತ್ತಿದೆಯಾ ಅಂತ ನೋಡುವುದು ಮರೀಕೆಯ ಕಾಲಮ್ಮು, ಮರೀಕೆ ಮನೆಯಲ್ಲಿದ್ದಳು. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಪೀಟರ್ ಬಂದು ನನ್ನ ಕೈ ಹಿಡಿದು ಮನಸಾರೆ ಅಭಿನಂದಿಸಿದ.

ನನಗೆ ಒಂದು ಗಳಿಗೆ ಅನುಮಾನ ಬಂದಿದ್ದು ನಿಜ. ನಿನ್ನೆ ಇದ್ದ ಗಲಾಟೆ ಇವತ್ತು ಎಲ್ಲಿ ಹೋಯಿತು ಅಂತ ಕೇಳಬೇಕಾದವಳು ನಾನೇ ಆಗಿದ್ದೆ. ಕೇಳಲಿಲ್ಲ. ಆ ಅನುಮಾನವನ್ನು ನನ್ನದೇ ಪಾರ್ಕಿಂಗ್ ಹಾಳೆಗೆ ಅಂಟಿಸಿ, ನಾಲ್ಕು ಗಂಟೆಗೆ ಹೊರಗಿನ ಫೋನ್ ಬೂತಿನಿಂದ ನಮ್ಮ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಗೆದ್ದೆವು ಸರ್ ಅಂದೆ.

ಸಂಜೆ ಎಂಟಾದರೂ ಅಲ್ಲಿ ಬಿಸಿಲು. ಕಿಟಕಿಗಳಿಗೆ ಪರದೆ ಹಾಕುವುದಿಲ್ಲ, ಬೀದಿಯವರೆಲ್ಲ ಏನು ತಿನ್ನುತ್ತಾರೆ ಅಂತ ನಡೆದುಕೊಂಡು ಹೋಗುವಾಗಲೇ ಕಾಣುತ್ತದೆ. ನೋಡುವಂಥದ್ದೇನೂ ತಿನ್ನುವುದಿಲ್ಲ. ಗೆಸ್ಟ್ ಹೌಸಿಗೆ ಬಂದಾಗ ಷಣ್ಮುಗಣ್ಣ ಬನಿಯನ್ನಿನಲ್ಲಿ, ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದರು. ಅಂಗಿ ಒಗೆಯಲು ಹೋಗಿದ್ದರು. ಅಂಗೈಯಲ್ಲಿ ಪವರ್ ಪೆಟ್ಟಿಗೆಯ ಫ್ಯೂಸ್ ಇತ್ತು.

“ಇದು ನನ್ ಜೇಬಲ್ಲಿತ್ತು ಮೇಡಂ.”

ನಾನು ಒಳಗೆ ಬಂದು ಬಾಗಿಲು ಹಾಕಿದೆ.

“ಆ ಪೆಟ್ಟಿಗೆ ಓಡ್ಲೇ ಇಲ್ಲ. ಅದಕ್ಕೇ ಅಷ್ಟು ಕ್ಲೀನಾಗಿ ಬಂತು. ನಾಳೆ ಬೆಳಿಗ್ಗೆ ಹೇಳ್ಬಿಡೋಣ.”

ನಾನು ಅವರಿಗೆ ಬಹಳ ಹೇಳಿದೆ. ನಾಳೆ ಸದ್ದಿಲ್ಲದೆ ಫ್ಯೂಸ್ ವಾಪಸ್ ಹಾಕಿಬಿಡೋಣ, ಯಾರಿಗೂ ಗೊತ್ತಾಗಲ್ಲ ಅಂದೆ. ಆ ಗಲಾಟೆಯನ್ನು ಮುಂದೆ ಅವರೇ ಹೇಗಾದರೂ ಸರಿ ಮಾಡಿಕೊಳ್ಳುತ್ತಾರೆ, ನಾನು ಆಗಲೇ ಪ್ರಶ್ನೆ ಕೇಳಿ ಗೋಡೆಗೆ ಹಾಕಿಸಿದ್ದೇನೆ ಅಂದೆ. ಹದಿನಾರು ಉಪಗ್ರಹದಲ್ಲಿ ನಿಮ್ಮ ಕೈಯ ಸುರುಳಿ ಹೋಗುತ್ತದೆ ಅಣ್ಣ, ಯೋಚನೆ ಮಾಡಿ ಅಂದೆ.

“ಹದಿನಾರೂ ಕಿವುಡಾಗೇ ಹೋಗುತ್ತೆ,” ಅಂದರು. “ಅದ್ರೊಳಗೆ ನನ್ ಸುರುಳಿ ಯಾಕೆ?”

ಗುರುವಾರ: ನಾನು ಮಾಡಿದ ಅನುವಾದ

ಬೆಳಿಗ್ಗೆ ಒಂಬತ್ತಕ್ಕೆ ಷಣ್ಮುಗಣ್ಣ ಎಲ್ಲರ ಮುಂದೆ ಎದ್ದು ನಿಂತರು. ಒಗೆದ ಅಂಗಿ, ಹಣೆಯಲ್ಲಿ ವಿಭೂತಿ. ಕನ್ನಡದಲ್ಲಿ ಮಾತಾಡಿದರು, ಅವಸರವಿಲ್ಲದೆ. ನಿನ್ನೆ ನಾನು ಫ್ಯೂಸ್ ತೆಗೆದಿದ್ದೆ, ಹಾಕುವುದು ಮರೆತೆ, ಪರೀಕ್ಷೆ ಸರಿಯಿಲ್ಲ, ಪೀಟರ್ ಸಾರ್‌ಗೆ ಅನ್ಯಾಯ ಆಗಿದೆ, ಮತ್ತೆ ಮಾಡಿ ಅಂದರು. ಹೇಳಿ ನನ್ನ ಕಡೆ ತಿರುಗಿದರು.

ಹನ್ನೆರಡು ಮುಖಗಳು ನನ್ನನ್ನು ನೋಡಿದವು. ಅವರಲ್ಲಿ ಒಬ್ಬರಿಗೂ ಕನ್ನಡ ಬಾರದು. ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಪ್ರಿನ್ಸಿಪಾಲರ ಫೋನು ಮತ್ತು ಸ್ಟಾಫ್ ರೂಮು. ನಾನು ಇಂಗ್ಲಿಷಿನಲ್ಲಿ, ನಿಮ್ಮ ಆತಿಥ್ಯಕ್ಕೆ ಅವರು ಕೃತಜ್ಞರಾಗಿದ್ದಾರೆ, ಇಂಥ ದೊಡ್ಡ ಕೆಲಸದಲ್ಲಿ ಒಬ್ಬ ಕಾರ್ಮಿಕನಿಗೆ ಜಾಗ ಸಿಕ್ಕಿದ್ದು ತಮ್ಮ ಭಾಗ್ಯ ಅನ್ನುತ್ತಿದ್ದಾರೆ ಅಂದೆ. ಚೆನ್ನಾಗಿಯೇ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಅಷ್ಟು ಸೊಗಸಾದ ಇಂಗ್ಲಿಷ್ ನಾನು ಮತ್ತೆ ಆಡಿಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. ಯೋಹಾನರ ಕಣ್ಣು ಒದ್ದೆಯಾಯಿತು.

ಷಣ್ಮುಗಣ್ಣ ಚಪ್ಪಾಳೆ ನಿಲ್ಲುವವರೆಗೆ ಕಾದರು. ಆಮೇಲೆ ನನ್ನನ್ನು ನೋಡಿ, “ನಾನ್ ಹೇಳಿದ್ದು ಚಪ್ಪಾಳೆ ಹೊಡೆಯೋ ಮಾತಲ್ವಲ್ಲಮ್ಮ,” ಅಂದರು. ಅಲ್ಲಿಯವರೆಗೆ ಮೇಡಂ ಆಗಿದ್ದವಳು ಅವತ್ತು ಬರೀ ಅಮ್ಮ ಆದೆ. ಆ ಅಮ್ಮದಲ್ಲಿ ಪ್ರೀತಿ ಇರಲಿಲ್ಲ.

ಮುಂದೆ ಅವರು ನನ್ನನ್ನು ಏನೂ ಕೇಳಲಿಲ್ಲ. ಸೀದಾ ಹೋಗಿ ಜೇಬಿನಿಂದ ಫ್ಯೂಸ್ ತೆಗೆದು ಮರೀಕೆಯ ಮುಂದೆ ಮೇಜಿನ ಮೇಲೆ ಇಟ್ಟರು. ಬೆರಳಿನಿಂದ ಅವಳ ಪೆಟ್ಟಿಗೆಯನ್ನು ತೋರಿಸಿದರು, ತಮ್ಮ ಜೇಬನ್ನು ತೋರಿಸಿದರು, ಗೋಡೆ ಗಡಿಯಾರದಲ್ಲಿ ಒಂದರ ಅಂಕಿಯನ್ನು ತೋರಿಸಿದರು. ಮರೀಕೆ ಫ್ಯೂಸನ್ನೂ ಅವರನ್ನೂ ನೋಡಿ ಎದ್ದು ಮಾದರಿಯ ಹತ್ತಿರ ಓಡಿದಳು. ಖಾಲಿ ಜಾಗ ನೋಡಿ ಅವರ ಭಾಷೆಯಲ್ಲಿ ಏನೋ ಬೈದುಕೊಂಡಳು. ಅದಕ್ಕೂ ಅನುವಾದ ಬೇಕಿರಲಿಲ್ಲ.

ಯೋಹಾನ್ ಡೈರಿ ತೆಗೆದು, ಮರುಪರೀಕ್ಷೆಗೆ ಮೂರು ವಾರ ಬಿಟ್ಟು ಮಂಗಳವಾರ ಸಮಯ ಇದೆ ಅಂದರು. ಮರೀಕೆ ಅವರ ಡೈರಿಯನ್ನು ಮುಚ್ಚಿ ಫ್ಯೂಸ್ ಹಾಕಿದಳು. ಪರದೆಯ ಮೇಲೆ ಬಾಚಣಿಗೆ ಎದ್ದಿತು. ಪೀಟರನದಕ್ಕಿಂತ ನಮ್ಮದರಲ್ಲಿ ಹಲ್ಲು ಇನ್ನೂ ಉದ್ದ ಇದ್ದವು.

ಶುಕ್ರವಾರ: ಸಹಿ ಇಲ್ಲ

ಯೋಹಾನ್ ನಮ್ಮ ಪ್ರಾಮಾಣಿಕತೆಯನ್ನು ನಾಲ್ಕು ವಾಕ್ಯದಲ್ಲಿ ಹೊಗಳಿ, ಬುಧವಾರದ ಫಲಿತಾಂಶ ರದ್ದು ಅಂದರು. ನಮ್ಮದೂ ಬೇಡ, ಪೀಟರನದೂ ಬೇಡ, ಮೊದಲು ಪವರ್ ಪೆಟ್ಟಿಗೆಯ ಬಾಯಿ ಮುಚ್ಚಿಸಬೇಕು ಅಂತಾಯಿತು. ಮರೀಕೆ ತನ್ನ ಕಾಲಮ್ಮಿಗೆ ಸಹಿ ಹಾಕಲಿಲ್ಲ. ಪಾರ್ಕಿಂಗ್ ಹಾಳೆಯಿಂದ ನನ್ನ ಹಳದಿ ಚೀಟಿಯನ್ನು ಕಿತ್ತು ಅವಳ ಕಂಪ್ಯೂಟರಿಗೆ ಅಂಟಿಸಿದರು. ಯೋಹಾನ್ ನನಗೆ ವಿಶೇಷವಾಗಿ ಥ್ಯಾಂಕ್ಸ್ ಹೇಳಿದರು. ನಾನು ಮಾಡಿದ ಅನುವಾದದ ಬಗ್ಗೆ ಯಾರೂ ಕೇಳಲಿಲ್ಲ. ಷಣ್ಮುಗಣ್ಣನ ಗಾಬರಿಯಲ್ಲಿ ಮಾತು ಅರ್ಧ ಬಿಟ್ಟುಹೋಗಿರಬೇಕು ಅಂದುಕೊಂಡರು. ನಾನೂ ತಿದ್ದಲಿಲ್ಲ.

ಅವತ್ತಿಡೀ ಷಣ್ಮುಗಣ್ಣ ಮತ್ತು ಮರೀಕೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ಪೆಟ್ಟಿಗೆಯ ಬಾಯಿಗೆ ಗಲಾಟೆ ತಡೆಯುವ ಸುರುಳಿ ಸುತ್ತಿ ನೋಡುತ್ತಿದ್ದರು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ಅವಳು ಡಚ್ಚಿನಲ್ಲಿ ಉತ್ತರ ಕೊಡುತ್ತಿದ್ದಳು. ಸುತ್ತು ಹೆಚ್ಚಿಸಿದಂತೆ ಪರದೆಯ ಹಲ್ಲುಗಳು ಒಂದೊಂದಾಗಿ ಮೋಟಾಗುತ್ತಿದ್ದವು. ಎಲ್ಲವೂ ಹೋಗಲಿಲ್ಲ, ಅರ್ಧ ಹೋದವು. ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಊಟಕ್ಕೆ ಏಳಲಿಲ್ಲ. ಬಿಸ್ಕತ್ ಡಬ್ಬಿಯನ್ನು ಅವಳು ತೆರೆದೇ ಇಟ್ಟಿದ್ದಳು. ನಾನು ಇಂಗ್ಲಿಷ್ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದೆ. ಯಾರೂ ಕರೆಯಲಿಲ್ಲ.

ಆ ಹದಿನಾರರಲ್ಲಿ ಒಂದೂ ಮುಂದೆ ಹಾರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷ ಕಾಗದದ ಮೇಲೆ ತೇಲಿ, ದುಡ್ಡು ಕೊಡುವವರು ಹಿಂದೆ ಸರಿದ ಮೇಲೆ ಕಾಗದದ ಮೇಲೆಯೇ ನಿಂತವು.

ನ್ಯೂ ಟೌನ್

ವಾಪಸ್ ಬರುವಾಗ ಷಣ್ಮುಗಣ್ಣ ನನ್ನ ಜೊತೆ ಊಟ, ನೀರು, ಸಾಮಾನು ಇಷ್ಟರ ಮಾತು ಬಿಟ್ಟು ಬೇರೆ ಆಡಲಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ನಾನು ತಾಂತ್ರಿಕ ಕಾರಣ ಅಂದೆ. ಸ್ಟಾಫ್ ರೂಮಿನಲ್ಲಿ ರೇಡಿಯೊ ರಿಪೇರಿ ಮೇಡಂಗೆ ‘ಫಾರಿನ್ ರಿಟರ್ನ್’ ಅನ್ನುವ ಬಿರುದೂ ಸೇರಿತು.

ಎರಡು ವಾರ ಬಿಟ್ಟು, ಧೈರ್ಯ ಮಾಡಿ, ಭದ್ರಾವತಿಯ ಬಸ್ಸು ಹತ್ತಿದೆ. ಷಣ್ಮುಗಣ್ಣ ಶೆಡ್ಡಿನಲ್ಲಿ ಯಾರದೋ ಪಂಪ್‌ಸೆಟ್ ಮೋಟಾರು ಬಿಚ್ಚಿಕೊಂಡು ಕೂತಿದ್ದರು. ಸ್ಟೂಲು ತೋರಿಸಿದರು. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದು, ಒಳಗಿಂದ ಒಂದು ನೋಟ್‌ಬುಕ್ಕು ಪೆನ್ನು ತಂದರು.

“ಈ ಪರೀಕ್ಷೆ ತಪ್ಪು, ತಪ್ಪು ನಂದು. ಇದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ತಾರೆ?”

ನಾನು ಹೇಳಿದೆ. ಅವರು ತಮಿಳು ಅಕ್ಷರದಲ್ಲಿ ಬರೆದುಕೊಂಡರು. ಒಂದು ಸಲ ಹೇಳಿದರು, ನಾಲಿಗೆ ತೊಡರಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ಎರಡನೇ ಸಲ ಹೇಳಿದರು.

“ಯಾಕಣ್ಣ ಇದೆಲ್ಲ? ಇನ್ನೊಂದ್ಸಲ ಎಲ್ಲಾದ್ರೂ ಹೋದ್ರೆ ನಾನು ಸರಿಯಾಗಿ ಹೇಳ್ತೀನಿ,” ಅಂದೆ.

“ಬೇಡ ಮೇಡಂ. ನೀವು ಬಾಳ ಚೆನ್ನಾಗಿ ಮಾತಾಡ್ತೀರ. ಬೇರೆ ಎಲ್ಲಾನೂ ನೀವೇ ಹೇಳಿ. ಇದೊಂದನ್ನ ನಾನೇ ಹೇಳ್ಕೊಳ್ತೀನಿ.”

ಮತ್ತೆ ಪುಸ್ತಕ ನೋಡಿಕೊಂಡು ಮೂರನೇ ಸಲ ಹೇಳಿದರು. ಉಚ್ಚಾರಣೆ ಸರಿಯಾಗಿತ್ತು. ತಿದ್ದುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ.